ರಸ್ತೆಯ ದಿನ, ಮನೆಯ ದಿನ

ಮೂರನೆಯ ದುಪ್ಪಟಿಯನ್ನು ಹಿಂಡಿ ತಂತಿಯ ಮೇಲೆ ಹರಡುತ್ತಿದ್ದಾಗ ಕೆಳಗಿನ ಓಣಿಯಿಂದ ಡೋಲೋರ್ ಕೂಗಿದಳು.

"ಮೇನಾ! ಇವತ್ತೂ ಬಟ್ಟೆ ಒಗೀತಿದ್ದೀಯಾ? ಒಂಬತ್ತಕ್ಕೆ ಗಂಡನ ಮಣ್ಣು, ನೀನು ನೋಡಿದ್ರೆ ಮಾಳಿಗೆ ಮೇಲೆ!"

"ಬಿಸಿಲು ಚೆನ್ನಾಗಿದೆ," ಎಂದಳು ಫಿಲುಮೇನ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ.

"ಊರೋರು ನೋಡ್ತಾರೆ."

"ನೋಡ್ಲಿ. ಒಗೆದಿರೋದೇ ತಾನೆ ಕಾಣೋದು."

ಡೋಲೋರ್, ತೀರಿಹೋದ ಗಂಡ ವಿಸ್ತಿನ್‌ನ ತಂಗಿ. ಮದುವೆಯಾಗದೆ ಎಪ್ಪತ್ತು ಮುಟ್ಟಿದವಳು, ಪಕ್ಕದ ಓಣಿಯಲ್ಲಿ ಒಬ್ಬಳೇ ಇದ್ದಳು. ಬುಧವಾರ ಮಧ್ಯಾಹ್ನ ಅಣ್ಣ ಕುರ್ಚಿಯಲ್ಲಿ ಕುಳಿತಲ್ಲೇ ಪ್ರಾಣ ಬಿಟ್ಟಾಗಿನಿಂದ ದಿನಕ್ಕೆ ನಾಲ್ಕು ಸಲ ಬರುತ್ತಿದ್ದಳು. ಬಂದಾಗಲೆಲ್ಲ ಏನಾದರೊಂದು ಸಾಮಾನು ಬಿಟ್ಟು ಹೋಗುತ್ತಿದ್ದಳು. ಮೊದಲು ಮನೆಯೊಳಗೆ ಹಾಕುವ ಚಪ್ಪಲಿ, ಆಮೇಲೆ ಔಷಧಿಯ ಡಬ್ಬಿ, ನಿನ್ನೆ ಗಾಜಿನ ಗುಮ್ಮಟದೊಳಗಿನ ದೇವಮಾತೆಯ ವಿಗ್ರಹ. "ಇರ್ಲಿ ಬಿಡು, ಹೇಗೂ ಬರೋಳೇ ತಾನೆ" ಎಂದಿದ್ದಳು.

ಫಿಲುಮೇನ ಕೊನೆಯ ಕ್ಲಿಪ್ಪು ಸಿಕ್ಕಿಸಿ, ಖಾಲಿ ಬಕೆಟ್ಟಿನ ಮೇಲೆ ಕೈಯಿಟ್ಟು ಒಂದು ನಿಮಿಷ ನಿಂತಳು. ಮಾಳಿಗೆಯಿಂದ ಜೇತೂನ್ ಊರಿನ ಅರ್ಧ ಕಾಣುತ್ತಿತ್ತು: ಇಗರ್ಜಿಯ ಗೋಪುರ, ಚೌಕದ ಬಸ್ ಸ್ಟಾಪು, ಮನೆಗಳಾಚೆ ಬೆರಳಗಲದ ಸಮುದ್ರ. ಆಮೇಲೆ ಕಪ್ಪು ಉಡುಪು ಹಾಕಿಕೊಳ್ಳಲು ಕೆಳಗಿಳಿದಳು.

*

ಶವಪೆಟ್ಟಿಗೆ ಇಗರ್ಜಿಯ ಮೆಟ್ಟಿಲಿಳಿಯುವಾಗ ಜನ ಅಲ್ಲಿಯ ವಾಡಿಕೆಯಂತೆ ಚಪ್ಪಾಳೆ ತಟ್ಟಿ ಬೀಳ್ಕೊಟ್ಟರು. ಅದೇ ಹೊತ್ತಿಗೆ ಚೌಕದ ಮೂಲೆಯಲ್ಲಿ ನಿಂತಿದ್ದ ಹಳೆಯ ಹಳದಿ ಬಸ್ಸು ಹಾರ್ನ್ ಹೊಡೆಯಿತು. ಒಂದೇ ಉಸಿರಿನ ಉದ್ದನೆಯ ಹಾರ್ನ್. ಪಾರಿವಾಳಗಳು ಒಟ್ಟಿಗೆ ಮೇಲೆದ್ದವು.

ಆ ಬಸ್ಸು ಜಾರೆನ್‌ನದು. ಸರ್ಕಾರ ಎಲ್ಲರ ಬಸ್ಸುಗಳನ್ನೂ ತೆಗೆದುಕೊಂಡ ವರ್ಷ ಅವನೊಬ್ಬ ಹಟ ಹಿಡಿದು ತನ್ನದನ್ನು ಉಳಿಸಿಕೊಂಡು, ಈಗ ಮದುವೆಗಳಿಗೆ ಓಡಿಸುತ್ತಿದ್ದ. ಇವತ್ತು ನಿವೃತ್ತ ಚಾಲಕರು ಏಳು ಮಂದಿ ಅದರಲ್ಲಿ ಬಂದಿದ್ದರು. ಎಲ್ಲರಿಗೂ ಬಲ ಮುಂಗೈ ಎಡಗೈಗಿಂತ ಕಪ್ಪು. ಕಿಟಕಿಯ ಬಿಸಿಲು ಮಾಡಿದ ಆ ಬಣ್ಣ ಇಷ್ಟು ವರ್ಷವಾದರೂ ಪೂರ್ತಿ ಹೋಗಿರಲಿಲ್ಲ.

"ಇವತ್ತಾದ್ರೂ ಟೈಮಿಗೆ ಸರಿಯಾಗಿ ಹೊರಟ ನೋಡು ವಿಸ್ತಿನ್," ಎಂದ ಒಬ್ಬ.

"ಹೊರಡದೆ ಏನ್ಮಾಡ್ತಾನೆ? ಹತ್ತೂವರೆಗೆ ಇನ್ನೊಂದು ಹೆಣ ಇದೆಯಂತೆ, ಪಾದ್ರಿ ಹಿಂದಿನಿಂದ ತಳ್ತಿದ್ರು."

"ಬಲಿಪೂಜೆ, ಸ್ಮಶಾನ, ಎಲ್ಲಾ ಒಂದೇ ಟ್ರಿಪ್ಪಲ್ಲಿ."

ಮಗಳು ಮಾರ್ಥೆಸ್ ಅವರತ್ತ ಕಣ್ಣು ಕೆಕ್ಕರಿಸಿದಳು. ಫಿಲುಮೇನ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ನೋಡಿದವರು ಅಳು ಎಂದುಕೊಂಡರು.

ಅಳಿಯ ನೊರ್ಬೆರ್ತ್ ಕಾರಿನ ಬಾಗಿಲು ತೆಗೆದು ನಿಂತಿದ್ದ. ಅವಳು ಕಾರಿಗೆ ಹೋಗದೆ ಬಸ್ಸಿನತ್ತ ನಡೆದು ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತಳು. ಜಾರೆನ್ ಕನ್ನಡಿಯಲ್ಲಿ ಅವಳನ್ನು ಕಂಡು, ಅಭ್ಯಾಸಬಲದಿಂದ, "ಎಲ್ಲಿಗೆ?" ಎಂದವನು ನಾಲಿಗೆ ಕಚ್ಚಿಕೊಂಡ.

"ತಪ್ಪಾಯ್ತು ಮೇನಾ. ನಲವತ್ತು ವರ್ಷದ ಚಾಳಿ."

"ಇರ್ಲಿ," ಎಂದಳು. "ನಮ್ಮನೇಲೂ ಅದೇ ಚಾಳಿ ಇತ್ತು."

*

ವಿಸ್ತಿನ್ ಬಸ್ಸು ಓಡಿಸುತ್ತಿದ್ದ ಆ ಕಾಲದಲ್ಲಿ ಬಸ್ಸುಗಳೆಲ್ಲ ಚಾಲಕರ ಸ್ವಂತದವು. ಬಸ್ಸು ಹೆಚ್ಚು, ರಸ್ತೆ ಕಡಿಮೆ. ಅದಕ್ಕೇ ಹಂಚಿಕೊಂಡಿದ್ದರು: ಇವತ್ತು ಅರ್ಧ ಬಸ್ಸುಗಳು ರಸ್ತೆಗೆ, ನಾಳೆ ಉಳಿದರ್ಧ. ಜಾರೆನ್ ರಸ್ತೆಯಲ್ಲಿದ್ದ ದಿನ ವಿಸ್ತಿನ್ ಮನೆಯಲ್ಲಿ, ವಿಸ್ತಿನ್ ರಸ್ತೆಯಲ್ಲಿದ್ದ ದಿನ ಜಾರೆನ್ ಮನೆಯಲ್ಲಿ. ಮದುವೆಯಾದ ವಾರದಲ್ಲೇ ಫಿಲುಮೇನಳಿಗೆ ತಿಳಿಯಿತು, ತನ್ನ ಸಂಸಾರವೂ ಒಂದು ದಿನ ಬಿಟ್ಟು ಒಂದು ದಿನದ್ದು ಎಂದು.

ಮನೆಯ ದಿನ ವಿಸ್ತಿನ್ ಬಾಗಿಲ ಮುಂದೆಯೇ ಬಸ್ಸು ತೊಳೆಯುತ್ತಿದ್ದ. ಬಕೆಟ್ಟು ಬೇಕು, ಬಟ್ಟೆ ಬೇಕು, ಲೋಟದಲ್ಲಿ ಹಾಲು ಹಾಕಿದ ಟೀ ಬೇಕು. ಮಧ್ಯಾಹ್ನ ಊಟ ಬಿಸಿಯಾಗಿರಬೇಕು, ಊಟದ ನಂತರ ಮನೆ ನಿಶ್ಶಬ್ದವಾಗಿರಬೇಕು. ಅವಳು ಶಾಲು ಕೈಗೆತ್ತಿಕೊಂಡರೆ ಸಾಕು, ಬಸ್ಸಿನಡಿಯಿಂದಲೇ "ಎಲ್ಲಿಗೆ?" ಎನ್ನುತ್ತಿದ್ದ. ಕೋಪವಿಲ್ಲ, ಅನುಮಾನವಿಲ್ಲ. ಹತ್ತುವವರನ್ನೆಲ್ಲ ಕೇಳುವ ಹಾಗೆ ಕೇಳುತ್ತಿದ್ದ, ಅಷ್ಟೇ.

ರಸ್ತೆಯ ದಿನ ಅವನು ನಸುಕಿನಲ್ಲೇ ಹೊರಟುಬಿಡುತ್ತಿದ್ದ. ಮಾರ್ಥೆಸ್ ಶಾಲೆಗೆ ಹೋದ ಮೇಲೆ ಫಿಲುಮೇನ ಅಡುಗೆ ಮಾಡುತ್ತಿರಲಿಲ್ಲ. ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಎಣ್ಣೆ ಸುರಿದು, ಮಾಳಿಗೆಯ ಗೋಡೆಗೆ ಒರಗಿ ನಿಂತೇ ತಿನ್ನುತ್ತಿದ್ದಳು. ಎಣ್ಣೆ ಮೊಣಕೈವರೆಗೆ ಇಳಿಯುತ್ತಿತ್ತು. ಗಟ್ಟಿಯಾಗಿ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. ಹೇಳಿಕೊಳ್ಳುವಂಥದ್ದೇನನ್ನೂ ಮಾಡುತ್ತಿರಲಿಲ್ಲ, ಆದರೆ ಆ ದಿನಗಳು ಅವಳವಾಗಿದ್ದವು.

ಮೂವತ್ತೊಂದನೆಯ ವಯಸ್ಸಿನಲ್ಲಿ, ಅಂಥದೊಂದು ರಸ್ತೆಯ ದಿನ, ಅವಳು ರಾಜಧಾನಿ ವಲೆಟ್ಟಾಕ್ಕೆ ಹೋಗಿ ಅಲ್ಲಿಂದ ಚಿರ್ಕೆವ್ವಾದ ಬಸ್ಸು ಹತ್ತಿದಳು. ಚಿರ್ಕೆವ್ವಾ ಎಂದರೆ ದ್ವೀಪದ ಆ ತುದಿ, ರಸ್ತೆ ಮುಗಿದು ನೀರು ಶುರುವಾಗುವ ಜಾಗ. ಅಲ್ಲಿ ಅವಳಿಗೆ ಯಾರೂ ಇರಲಿಲ್ಲ. ಚಿಲ್ಲರೆ ಚಾಚಿದಾಗ ಚಾಲಕ ನಕ್ಕ.

"ವಿಸ್ತಿನ್ ಹೆಂಡತಿ ಹತ್ರ ಟಿಕೆಟ್ಟಾ? ಕೈ ಬಿದ್ದುಹೋಗತ್ತೆ ನಂಗೆ. ಎಲ್ಲಿಗೆ? ಅಲ್ಲಿ ಯಾರಿದ್ದಾರೆ? ಯಾರಿಗಾದ್ರೂ ಹುಷಾರಿಲ್ವಾ?"

ಅವಳು ಏನೋ ಹೇಳಿದಳು. ಕೊನೆಯ ಸ್ಟಾಪಿನಲ್ಲಿ ಇಳಿಯಲು ಎದ್ದರೆ, "ಈ ಗಾಳೀಲಿ ಎಲ್ಲಿ ನಿಂತಿರ್ತೀಯಾ, ಕೂತ್ಕೋ, ನಾನೇ ವಾಪಸ್ ಬಿಡ್ತೀನಿ" ಎಂದು ಬಾಗಿಲಿಗೆ ಅಡ್ಡ ನಿಂತ. ಪಾಪ, ಒಳ್ಳೆಯ ಮನುಷ್ಯ. ಅವಳು ಇಳಿಯದೆಯೇ ವಾಪಸಾದಳು.

ರಾತ್ರಿ ಊಟಕ್ಕೆ ಕುಳಿತಾಗ ವಿಸ್ತಿನ್ ಕೇಳಿದ: "ಚಿರ್ಕೆವ್ವಾದಲ್ಲಿ ಏನಿತ್ತು?"

"ಸುಮ್ನೆ."

"ಸುಮ್ನೆ ಯಾರಾದ್ರೂ ಅಷ್ಟು ದೂರ ಹೋಗ್ತಾರಾ?"

ತಿಂಗಳುಗಟ್ಟಲೆ ಯಾವ ಬಸ್ಸು ಹತ್ತಿದರೂ ಚಾಲಕರು ರೇಗಿಸಿದರು: "ಏನು ಮೇನಾ, ಇವತ್ತು ದೋಣಿ ಹತ್ಸೋಣ್ವಾ?" ದ್ವೀಪದ ಬಸ್ಸುಗಳಿಗೆಲ್ಲ ಕಣ್ಣಿತ್ತು, ಬಾಯಿಯಿತ್ತು. ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ. ಮಾಳಿಗೆ ಸಾಕು ಎಂದುಕೊಂಡಳು.

*

ಹದಿಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ, ಹಳದಿ ಬಸ್ಸುಗಳು ನಿಂತವು. ಹೊರದೇಶದ ಕಂಪನಿಯ ಹೊಸ ಬಸ್ಸುಗಳು, ಹೊಸ ನಂಬರುಗಳು, ಹೊಸ ದಾರಿಗಳು ಬಂದವು. ವಾರಗಟ್ಟಲೆ ಊರಿನ ಮುದುಕಿಯರು ಹಳೆಯ ಲೆಕ್ಕದಲ್ಲಿ ಹತ್ತಿ ಇನ್ನೆಲ್ಲೋ ಇಳಿದು ಅಳುತ್ತಿದ್ದರು. ಆ ಕಂಪನಿ ಮೂರು ವರ್ಷ ತುಂಬುವ ಮೊದಲೇ ಗಂಟುಮೂಟೆ ಕಟ್ಟಿತು, ಇನ್ನೊಂದು ಬಂತು.

ವಿಸ್ತಿನ್‌ಗೆ ಈಗ ದಿನವೂ ಮನೆಯ ದಿನ. ತೊಳೆಯಲು ಬಸ್ಸಿರಲಿಲ್ಲ. ಬೆಳಿಗ್ಗೆ ಕೈಗಡಿಯಾರ ಹಿಡಿದು ಚೌಕದ ಮೂಲೆಗೆ ಹೋಗಿ ನಿಲ್ಲುತ್ತಿದ್ದ. ಕಾಲು ಗಂಟೆಗೊಮ್ಮೆ ಬಂದು ವರದಿ ಒಪ್ಪಿಸುತ್ತಿದ್ದ: "ಹದಿನೆಂಟು ನಿಮಿಷ ಲೇಟು! ಉದ್ದಂದು, ನಡೂಮಧ್ಯ ಬಾಗತ್ತಲ್ಲ, ಅದು ಬೇಕರಿ ತಿರುವಲ್ಲಿ ಸಿಕ್ಕಾಕೊಂಡಿದೆ!" ಹೇಳುವಾಗ ಅವನ ಮುಖ ಬೆಳಗುತ್ತಿತ್ತು, ಹೇಳಿ ಮುಗಿದ ಮೇಲೆ ಆರುತ್ತಿತ್ತು. "ಆ ಬಸ್ಸಿಗೆ ನನ್ನ ಮನೆಯವರು ಯಾರೂ ಕಾಲಿಡಕೂಡದು" ಎಂದಿದ್ದ. ಎಲ್ಲಿಗೆ ಹೋಗುವುದಿದ್ದರೂ ನೊರ್ಬೆರ್ತ್‌ನ ಕಾರು. ಅವಳು ಬ್ರೆಡ್ಡು ಹಿಡಿದು ಮಾಳಿಗೆಗೆ ಹೊರಟರೂ ಕೆಳಗಿನಿಂದ ಕೇಳುತ್ತಿದ್ದ, "ಎಲ್ಲಿಗೆ?"

ಕೊನೆಯ ಒಂಬತ್ತು ತಿಂಗಳು ಅವನು ಕುರ್ಚಿ ಬಿಟ್ಟೇಳಲಿಲ್ಲ. ಅವಳೇ ಮೀಯಿಸಿದಳು, ಉಣಿಸಿದಳು. ಹೋದ ತಿಂಗಳು ಗಡ್ಡ ಹೆರೆಯುತ್ತಿದ್ದಾಗ ಅವನು ಇದ್ದಕ್ಕಿದ್ದಂತೆ ಕೇಳಿದ: "ಆವತ್ತು ಚಿರ್ಕೆವ್ವಾದಲ್ಲಿ ಏನಿತ್ತು?"

ನಲವತ್ತು ವರ್ಷವಾಗಿತ್ತು. ಅವಳ ಕೈಯಲ್ಲಿದ್ದ ಬ್ಲೇಡು ನಿಂತಿತು.

"ಏನಿತ್ತೋ. ನಾನು ಇಳೀಲೇ ಇಲ್ವಲ್ಲ."

ಅವನು ಸೋಪಿನ ನೊರೆಯೊಳಗಿನಿಂದ ಅವಳನ್ನು ನೋಡಿದ. "ಅಯ್ಯೋ," ಎಂದ. "ಅಷ್ಟು ದೂರ ಹೋಗಿ?"

*

ಮಣ್ಣು ಮುಗಿಸಿ ಬಂದವರಿಗೆ ಟೀ, ಬಿಸ್ಕತ್ತು, ಗಿಣ್ಣು ತುಂಬಿದ ಗರಿಗರಿ ಕಡುಬು, ಪಸ್ತಿತ್ಸಿ. ಮುಂಗೋಣೆಯಲ್ಲಿ ಕುರ್ಚಿ ಸಾಲದೆ ಚಾಲಕರು ಮೆಟ್ಟಿಲ ಮೇಲೆ ಕುಳಿತರು. ಮಾತು ವಿಸ್ತಿನ್‌ನಿಂದ ಶುರುವಾಗಿ ಬೇಗ ಅವಳತ್ತ ಹೊರಳಿತು.

"ಮಾ ಒಬ್ಬಳನ್ನೇ ಬಿಡೋಕಾಗಲ್ಲ," ಎಂದಳು ಮಾರ್ಥೆಸ್. "ಎಪ್ಪತ್ತೆರಡು ವರ್ಷ. ಮೆಟ್ಟಿಲಲ್ಲಿ ಬಿದ್ರೆ ಯಾರಿಗೆ ಗೊತ್ತಾಗತ್ತೆ?"

"ಅದಕ್ಕೇ ನಾನಿರೋದು," ಡೋಲೋರ್ ಎದೆ ಮುಟ್ಟಿಕೊಂಡಳು. "ಸೋಮವಾರ ಬಂದುಬಿಡ್ತೀನಿ. ಅಣ್ಣನ ಮಂಚ ಹೇಗೂ ಖಾಲಿ."

"ಡೋಲೋರ್ ಅತ್ತೆ ಇದ್ರೆ ನಮಗೂ ನಿಶ್ಚಿಂತೆ," ಎಂದ ನೊರ್ಬೆರ್ತ್, ಎರಡನೆಯ ಪಸ್ತಿತ್ಸಿಗೆ ಕೈಹಾಕುತ್ತ.

"ಒಂದು ನಿಮಿಷ ಬಿಟ್ಟಿರಲ್ಲ ಅವಳನ್ನ. ಅಂಗಡಿಗೂ ಜೊತೇಲೇ. ಒಬ್ಬರೇ ಇರೋದು ಏನು ಅಂತ ನನಗೆ ಗೊತ್ತು ಮಾರ್ಥೆಸ್. ಸಂಜೆ ಆಯ್ತು ಅಂದ್ರೆ ಗೋಡೆ ಮಾತಾಡ್ಸೋಕೆ ಬರತ್ತೆ." ಡೋಲೋರಳ ದನಿ ಒಂದಿಷ್ಟು ನಡುಗಿತು. ಆ ನಡುಕ ಸುಳ್ಳಲ್ಲ ಎಂದು ಫಿಲುಮೇನಳಿಗೂ ಗೊತ್ತಿತ್ತು.

"ಏನಂತೀಯಾ ಮಾ?"

"ಟೀ ಯಾರಿಗೆ ಬೇಕು?" ಎಂದಳು ಫಿಲುಮೇನ.

"ನೋಡಿದ್ಯಾ, ಒಪ್ಕೊಂಡ್ಳು," ಎಂದಳು ಡೋಲೋರ್.

ಎಲ್ಲರೂ ಏಳುವ ಹೊತ್ತಿಗೆ ಫಿಲುಮೇನ ಜಾರೆನ್‌ನನ್ನು ಕಳಿಸಿಕೊಡಲು ಚೌಕದವರೆಗೆ ಹೋದಳು. ಅವನ ಹಳದಿ ಬಸ್ಸಿನ ಪಕ್ಕದಲ್ಲೇ ವಲೆಟ್ಟಾದ ಹೊಸ ಬಸ್ಸು ಬಂದು ನಿಂತಿತ್ತು. ಜಾರೆನ್ ತಲೆಯಲ್ಲಾಡಿಸಿದ.

"ಇವರಿಗೆ ಯಾರೂ ಗೊತ್ತಿಲ್ಲ ಮೇನಾ. ದಿನಾ ಹತ್ತೋರ ಹೆಸರು ಗೊತ್ತಿಲ್ಲ. ಯಾರ ಹೆಂಡತಿ, ಯಾರ ಮಗಳು, ಒಂದೂ ಗೊತ್ತಿಲ್ಲ. ಎಲ್ಲಿಗೆ ಅಂತ ಕೇಳೋದೂ ಇಲ್ಲ. ಕಾರ್ಡು ಮುಟ್ಟಿಸಿದ್ರಾಯ್ತು, ನರಕಕ್ಕೆ ಹೋದ್ರೂ ಅವರಿಗೇನು? ಇದೂ ಒಂದು ಬಸ್ಸಾ?"

"ಹೌದಾ? ಕೇಳೋದೇ ಇಲ್ವಾ?"

"ಕೇಳಲ್ಲ ಅಂತೀನಿ! ನಿಂಗೆಲ್ಲಿ ಗೊತ್ತಿರತ್ತೆ, ನೀನು ಹತ್ತಿದ್ದೇ ಇಲ್ವಲ್ಲ."

ಅವನು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ಗೆಳೆಯರನ್ನು ಹತ್ತಿಸಿಕೊಂಡು ಹೊರಟುಹೋದ. ಫಿಲುಮೇನ ಹೊಸ ಬಸ್ಸಿನ ತೆರೆದ ಬಾಗಿಲ ಮುಂದೆ ನಿಂತಿದ್ದಳು. ಚಾಲಕ ಮೂವತ್ತರ ಆಸುಪಾಸಿನವನು, ಕಂದು ಬಣ್ಣದವನು, ಭಾರತದ ಕಡೆಯವನಿರಬೇಕು. ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಅವಳು ಹತ್ತಲಿ ಎಂದು ಕಾದ. ಅವಳ ಕಪ್ಪು ಉಡುಪನ್ನು ನೋಡಿದ, ಮುಖವನ್ನು ನೋಡಿದ, ಏನೂ ಕೇಳಲಿಲ್ಲ. ಅವಳು ಬೇಡವೆಂದು ಕೈಯಾಡಿಸಿದಾಗ ತಲೆದೂಗಿ ಬಾಗಿಲು ಮುಚ್ಚಿದ. ಯಾಕೆ ಬೇಡ ಎಂದೂ ಅವನಿಗೆ ಬೇಕಿರಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಸ್ಟಾಪಿನ ವೇಳಾಪಟ್ಟಿಯ ಹತ್ತಿರ ಹೋಗಿ, ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ, ಸಾಲಿನ ಮೇಲೆ ಬೆರಳಾಡಿಸಿದಳು. ಸೋಮವಾರ, ಮೊದಲ ಬಸ್ಸು ಐದೂ ಐವತ್ತು. ಆಮೇಲೆ ಆರೂ ಇಪ್ಪತ್ತು. ಆಮೇಲೆ ಆರೂ ಐವತ್ತು.

ಮನೆಗೆ ಬಂದಾಗ ಮಾರ್ಥೆಸ್ ಕಾರು ತರಲು ಹೋಗಿದ್ದಳು. ಅಡುಗೆಮನೆಯಲ್ಲಿ ಡೋಲೋರ್ ಒಬ್ಬಳೇ ಲೋಟ ತೊಳೆದು, ತನಗೆ ಬೇಕಾದ ಕಡೆ ಜೋಡಿಸುತ್ತಿದ್ದಳು.

"ಸೋಮವಾರ ಎಂಟಕ್ಕೆ ಪೆಟ್ಟಿಗೆ ತಗೊಂಡು ಬರ್ತೀನಿ. ಅಣ್ಣನ ಬೀಗದ ಕೈ ಕೊಟ್ಟಿರು. ನೀನೆದ್ದು ಬಾಗಿಲು ತೆಗೆಯೋ ತಾಪತ್ರಯ ಯಾಕೆ?"

ಫಿಲುಮೇನ ಗೂಟದಿಂದ ಏಪ್ರನ್ ತೆಗೆದು, ತಲೆಯ ಮೇಲಿಂದ ಹಾಕಿಕೊಂಡು, ಹಿಂದೆ ಗಂಟು ಕಟ್ಟಿದಳು.

"ಅದು ಅವನ ಕೋಟಿನ ಜೇಬಲ್ಲೇ ಉಳೀತು ಅನ್ಸತ್ತೆ."

"ಯಾವ ಕೋಟು?" ಡೋಲೋರ್ ತಿರುಗಿದಳು. "ಈಗ ಹಾಕಿ ಕಳಿಸಿದ್ವಲ್ಲ, ಅದಾ?"

"ಅದೇ."

"ಅಯ್ಯೋ ನನ್ನ ತಾಯಿ!" ಡೋಲೋರ್ ಒದ್ದೆ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. "ಬೀಗದ ಕೈ ಸಮೇತ ಮಣ್ಣು ಮಾಡಿಬಿಟ್ವಾ? ಪಾದ್ರಿ ಹತ್ರ ಹೇಳೋದಾದ್ರೂ ಹೇಗೆ? ಹೋಗ್ಲಿ. ಹಾಗಾದ್ರೆ ಎಂಟಕ್ಕೆ ಬಂದು ಬಾಗಿಲು ಬಡೀತೀನಿ. ಇರ್ತೀಯಲ್ಲ?"

"ನಾನಿನ್ನೆಲ್ಲಿಗೆ ಹೋಗ್ಲಿ?"

ಡೋಲೋರ್ ಸಮಾಧಾನದಿಂದ ಲೋಟಗಳ ಕಡೆ ತಿರುಗಿದಳು. ಫಿಲುಮೇನ ಅವಳ ಪಕ್ಕದಲ್ಲಿ ನಿಂತು, ಎಡಗೈಯಲ್ಲಿ ತಟ್ಟೆಗಳನ್ನು ಒಂದೊಂದಾಗಿ ದಾಟಿಸಿದಳು. ಬಲಗೈ ಏಪ್ರನ್ನಿನ ಜೇಬಿನೊಳಗಿತ್ತು. ಅಲ್ಲಿದ್ದ ಎರಡು ಬೀಗದ ಕೈಗಳು ಒಂದಕ್ಕೊಂದು ತಾಗಿ ಸದ್ದಾಗದ ಹಾಗೆ, ಮುಷ್ಟಿ ಬಿಗಿದು ಹಿಡಿದಿದ್ದಳು.