ಮಡಿಕೆ ಬಿಚ್ಚದ ಬಟ್ಟೆ

ನಮ್ಮ ಮಕ್ಕಳ ಮನೆಯಲ್ಲಿ ಹೆತ್ತವರು ನೋಡಿಕೊಳ್ಳಲಾಗದ ಒಂಬತ್ತು ಮಕ್ಕಳಿದ್ದಾರೆ. ಬೆಳಿಗ್ಗೆ ಗಂಜಿ ಬಡಿಸುವ ಮೊದಲು ಬಟ್ಟೆ ಒಣಗಿಸುವ ಬಿಸಿಗಾಳಿಯ ಬೀರು ತೆರೆದು, ಬೆಚ್ಚಗಾದ ಕೈಗವಸುಗಳನ್ನು ಜೋಡಿ ಮಾಡಿಡುವುದು ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ. ನವೆಂಬರ್ ಬಂತೆಂದರೆ ಮಾತ್ರ ಬೀರಿನಲ್ಲಿ ಹತ್ತು ಜೋಡಿ ಇರುತ್ತವೆ.

ಹತ್ತನೆಯದು ಕೆಂಪು, ಮಣಿಕಟ್ಟಿನ ಹತ್ತಿರ ಅಳಿಲಿನ ಕಸೂತಿ. ಎಷ್ಟು ಬಿಸಿಗಾಳಿ ಬೀಸಿದರೂ ಒದ್ದೆ. ಹಿಂಡಿದರೆ ಸರೋವರದ ವಾಸನೆ. ಅದನ್ನು ಹೆಣೆದವಳು ನಾನೇ, ಸೆನ್ಯಾ ಎಂಬ ಹುಡುಗಿಗೆ. ಸೆನ್ಯಾ ಸತ್ತು ಇಪ್ಪತ್ತಾರು ವರ್ಷವಾಯಿತು. ಯಾರಿಗಾದರೂ ಹೇಳಿದರೆ ಈ ಹೆಲ್ವಿಗೆ ಅರಳುಮರಳು ಎಂದಾರು. ಅದಕ್ಕೇ ಬಾಯಿ ಮುಚ್ಚಿಕೊಂಡು ಹಿಂಡಿ, ಮತ್ತೆ ನೇತುಹಾಕುತ್ತೇನೆ. ಗಂಜಿ ಬಡಿಸಿ ಬರುವಷ್ಟರಲ್ಲಿ ಅದು ಮಾಯ. ಕೆಳಗೆ ಒಂದಿಷ್ಟು ನೀರು ನಿಂತಿರುತ್ತದೆ, ಒರೆಸುತ್ತೇನೆ.

ನಮ್ಮಲ್ಲಿ ಪ್ರತಿ ಮಗುವಿಗೂ ಒಂದು ಗುರುತು. ಕೋಟಿನ ಗೂಟಕ್ಕೆ, ಟವೆಲಿಗೆ, ಕೈಗವಸಿಗೆ ಅದೇ ಚಿತ್ರ. ಏಳು ವರ್ಷದ ಲೂಮಿಯದು ಅಣಬೆ. ಅಳಿಲನ್ನು ಮಾತ್ರ ಸೆನ್ಯಾ ಆದಮೇಲೆ ನಾನು ಯಾರಿಗೂ ಕೊಟ್ಟಿಲ್ಲ.

ಲೂಮಿಯನ್ನು ನೋಡಿಕೊಳ್ಳುವವಳು ನಾನು. ಅವಳಮ್ಮ ಕುಡಿತ ಬಿಟ್ಟಿದ್ದಾಳೆಂದು ವಾರದ ಕೊನೆಗೆ ಎರಡು ದಿನ ಮನೆಗೆ ಕಳಿಸುತ್ತಿದ್ದೆವು. ಈ ತಿಂಗಳು ಎಲ್ಲ ಸರಿಹೋದರೆ ಕ್ರಿಸ್‌ಮಸ್‌ಗೆ ಪೂರ್ತಿ ಮನೆಗೇ. ಶುಕ್ರವಾರ ಚೀಲ ತುಂಬುವವಳು ನಾನು, ಭಾನುವಾರ ಬಿಚ್ಚುವವಳೂ ನಾನೇ. ಆ ಭಾನುವಾರ ಅವಳಮ್ಮ ಗೇಟಿನಲ್ಲೇ ಮಗುವನ್ನು ಬಿಟ್ಟು ಹೊರಟುಹೋದಳು. ಚೀಲ ಬಿಚ್ಚಿದೆ. ರಾತ್ರಿಯುಡುಪು, ಬನಿಯನ್ನು, ಕಾಲುಚೀಲ ಎಲ್ಲ ನಾನು ಮಡಿಸಿದ ಹಾಗೇ ಇದ್ದವು. ತೋಳನ್ನು ಒಳಗೆ ಸಿಕ್ಕಿಸಿ ಮಡಿಸುವುದು ಈ ಮನೆಯಲ್ಲಿ ನಾನೊಬ್ಬಳೇ.

ನಮ್ಮ ಮುಖ್ಯಸ್ಥೆ ಉಲ್ಲಾ ಹಣಿಕಿ ನೋಡಿದಳು. "ಪುಣ್ಯವಂತೆ ಕಣೇ ನೀನು, ಒಗೆಯೋ ಕೆಲ್ಸಾನೇ ಇಲ್ಲ! ರಜೆ ಚೆನ್ನಾಗಿತ್ತು ಅಂತ ಬರೆದುಬಿಡು. ನಾಳೆ ಲೂಮಿ ವಿಷಯಕ್ಕೇ ಮೀಟಿಂಗಿದೆ."

ಸೆನ್ಯಾಳ ಚೀಲವೂ ಎರಡು ಸಲ ಹೀಗೇ ಬಂದಿತ್ತು. ಒಗೆಯುವ ಬಟ್ಟೆಯಿಲ್ಲವೆಂದು ಖುಷಿಪಟ್ಟು, ಇದ್ದ ಹಾಗೇ ಕಪಾಟಿಗಿಟ್ಟು, "ರಜೆ ಚೆನ್ನಾಗಿತ್ತು" ಎಂದು ಬರೆದ ಸೋಮಾರಿ ನಾನು. ಬಟ್ಟೆ ಬದಲಿಸಲು ಆ ಮಗುವಿಗೆ ಮನೆಯ ಬಾಗಿಲೇ ತೆರೆದಿರಲಿಲ್ಲ. ಮೂರನೆಯ ವಾರ ಅವಳು ಬೀಗ ಹಾಕಿದ ಬಾಗಿಲಿನಿಂದ ನಮ್ಮ ಕಡೆಗೇ ನಡೆದುಬಂದಳು, ಸರೋವರದ ಮೇಲೆ ಆಗತಾನೇ ಕಟ್ಟಿದ್ದ ತೆಳು ಮಂಜುಗಡ್ಡೆ ದಾಟಿಕೊಂಡು. ದಡ ಮುಟ್ಟಲಿಲ್ಲ.

ಲೂಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಎಲ್ಲಿ ಮಲಗಿದ್ದೆ?"

"ಮನೇಲಿ."

"ರಾತ್ರಿ ಬಟ್ಟೆ ಹಾಕ್ಕೊಳ್ದೇನೇ?"

"ಸೆಖೆ ಆಗ್ತಿತ್ತು."

"ನವೆಂಬರಲ್ಲಾ? ಸುಳ್ಳು ಹೇಳೋಕೂ ಸರಿಯಾಗಿ ಬರಲ್ವಲ್ಲೇ ನಿಂಗೆ."

ನಗಲು ಹೋದವಳು ಚೀಲದ ಪಟ್ಟಿ ಹಿಡಿದೆಳೆದಳು. "ಹೇಳಿದ್ರೆ ಅಮ್ಮ ಮತ್ತೆ ಕರ್ಕೊಂಡು ಹೋಗಲ್ವಂತೆ."

ಮಡಿಕೆ ಬಿಚ್ಚದ ರಾತ್ರಿಯುಡುಪನ್ನು ಅವಳ ಮಡಿಲಲ್ಲಿಟ್ಟೆ.

"ಬಿಲ್ಡಿಂಗ್ ಒಳಗೆ ಮೆಟ್ಟಿಲ ಮೇಲೆ ಮಲಗಿದ್ದೆ, ಹೀಟರ್ ಹತ್ರ. ಅಮ್ಮ ಬೀಗ ಹಾಕ್ಕೊಂಡು ಎಲ್ಲೋ ಹೋಗಿದ್ಳು. ಇಲ್ಲಿಗೇ ಬಂದುಬಿಡೋಣ ಅಂತ ಹೊರಟಿದ್ದೆ, ಸರೋವರ ದಾಟಿದ್ರೆ ಹತ್ರ ಅಲ್ವಾ? ಆ ಹುಡುಗಿ ಬಿಡಲಿಲ್ಲ."

"ಯಾವ ಹುಡುಗಿ?"

"ಅಳಿಲಿನ ಕೈಗವಸಿನವಳು. ಕೈ ಹಿಡ್ಕೊಂಡು ವಾಪಸ್ ಎಳ್ಕೊಂಡು ಬಂದ್ಳು. ಎಷ್ಟು ಒದ್ದೆ ಅವಳ ಕೈ! ಮೆಟ್ಟಿಲ ಮೇಲೇ ಕೂತಿರು, ಚೀಲ ಬಿಚ್ಚಬೇಡ ಅಂದ್ಳು. ಹೆಲ್ವಿ ಈ ಸಲ ನೋಡ್ತಾಳೆ ಅಂದ್ಳು."

ಈ ಸಲ. ಆ ಮಗುವಿನ ತಲೆ ಸವರಿ, ಬಟ್ಟೆಗಳನ್ನು ಮಡಿಕೆ ಬಿಚ್ಚದೇ ಮತ್ತೆ ಚೀಲಕ್ಕಿಟ್ಟೆ.

ಸೋಮವಾರದ ಮೀಟಿಂಗಿಗೆ ಚೀಲವನ್ನೇ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟು, ಲೂಮಿ ಮೆಟ್ಟಿಲ ಮೇಲೆ ಮಲಗಿದ್ದನ್ನು ಹೇಳಿದೆ. ಯಾರು ತಡೆದರೆಂಬುದನ್ನು ಹೇಳಲಿಲ್ಲ.

"ನಿನ್ನೆ ಒಂದು ಮಾತು ಹೇಳೋಕೇನಾಗಿತ್ತು?" ಉಲ್ಲಾ ಸಿಡುಕಿದಳು. "ಮಡಿಕೆ ಹಾಗೇ ಇದೆ ಅಂತ ಒಬ್ಬ ತಾಯಿನ ಅನುಮಾನಿಸ್ತೀಯಾ? ಮಗು ಕಥೆ ಕಟ್ಟಿರಬಹುದು."

"ಅನುಮಾನಿಸದೇ ಇದ್ದದ್ದಕ್ಕೆ ಒಂದು ಮಗೂನ ಮಣ್ಣು ಮಾಡಿ ಬಂದಿದೀನಿ, ಉಲ್ಲಾ. ಆ ಬಿಲ್ಡಿಂಗಿಗೆ ಫೋನ್ ಮಾಡಿ ಕೇಳು."

ಫೋನ್ ಮಾಡಿದರು. ಎರಡೂ ರಾತ್ರಿ ಮಗುವನ್ನು ಮೆಟ್ಟಿಲ ಮೇಲೆ ಕಂಡಿದ್ದ ನೆರೆಯವಳು ಸಿಕ್ಕಳು, ಬೇರೆಯವರ ಮನೆ ವಿಷಯದಲ್ಲಿ ಮೂಗು ತೂರಿಸಬಾರದೆಂದು ಸುಮ್ಮನಿದ್ದಳಂತೆ. ಲೂಮಿಯ ಮನೆಭೇಟಿ ನಿಂತಿತು. "ನೀನು ಹೇಳ್ಬಿಟ್ಟೆ" ಎಂದು ಒಂದೇ ಮಾತು ಆಡಿ, ಆ ಹುಡುಗಿ ನನ್ನೊಂದಿಗೆ ಮಾತು ಬಿಟ್ಟಳು. ಗುರುವಾರಗಳಂದು ಅವಳು ಇಷ್ಟಪಟ್ಟು ತಿನ್ನುವ ಬಟಾಣಿ ಸಾರನ್ನೂ ಮುಟ್ಟಲಿಲ್ಲ. ಅವಳ ಕ್ರಿಸ್‌ಮಸ್ ಕಸಿದವಳು ನಾನು. ಸಿಟ್ಟಾಗಲಿ, ಬದುಕಿರುವ ಮಗು ತಾನೇ ಸಿಟ್ಟಾಗುವುದು?

ಶುಕ್ರವಾರ ಬೆಳಿಗ್ಗೆ ನಾಚಿಕೆಬಿಟ್ಟು, ಸೆನ್ಯಾಳದು ಒಣಗಿರಬಹುದೆಂಬ ಆಸೆ ಇಟ್ಟುಕೊಂಡೇ ಬೀರು ತೆರೆದೆ. ಕೆಂಪು ಕೈಗವಸು ಇತ್ತು. ತೊಟ್ಟಿಕ್ಕುತ್ತಲೇ ಇತ್ತು. ಕ್ಷಮೆ ಎಂದರೆ ಅಷ್ಟು ಸಲೀಸು ಅಂದುಕೊಂಡಿದ್ದೆನಲ್ಲ, ನನಗೆ ಅಳು ಬಂತು.

"ಅವಳದು ಇನ್ನೂ ಒಣಗಿಲ್ವಾ?"

ಹಿಂದೆ ಲೂಮಿ ನಿಂತಿದ್ದಳು, ಗಂಟು ಮುಖದಲ್ಲೇ. ನನ್ನ ಕೈಯಿಂದ ಒಂದು ಕೈಗವಸು ಕಿತ್ತುಕೊಂಡಳು. "ನೀನೊಂದು ಹಿಂಡು, ನಾನೊಂದು."

ಇಬ್ಬರೂ ಹಿಂಡಿದೆವು. ಅವಳೇ ತುದಿಗಾಲಲ್ಲಿ ನಿಂತು, ತನ್ನ ಅಣಬೆಯ ಜೋಡಿಯ ಪಕ್ಕದಲ್ಲಿ ಅದನ್ನು ನೇತುಹಾಕಿದಳು. ಆಮೇಲೆ ಗಂಜಿ ಬಡಿಸಲು ಹೋದೆ. ಹಿಂದಿರುಗಿ ಬಂದು ನೋಡಿದಾಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಕೆಂಪು ಕೈಗವಸು ಮಾಯವಾಗದೆ ಅಣಬೆಯ ಪಕ್ಕದಲ್ಲೇ ಇತ್ತು.