ಹತ್ತಿ ಬಿಡದ ಬೂರಲ

ಬಸ್ಸಿನ ಬಾಗಿಲಿಗೆ ಮುಳ್ಳಿನ ಟೊಂಗೆ ಸಿಕ್ಕಿಕೊಂಡಿತು. ಕಲ್ಲಣ್ಣ ಜಗ್ಗಿದ.

“ಯಜಮಾನ್ರ, ಯಾರ ಕಣ್ಣ ಕೀಳವರದೀರಿ?” ಕಂಡಕ್ಟರ್ ರೇಗಿದ.

“ಮಣ್ಣಿಗೆ ಹೊಂಟೇನ್ರಿ.”

ಕಂಡಕ್ಟರ್ ತಾನೇ ಬಂದು ಟೊಂಗೆ ಬಿಡಿಸಿಕೊಟ್ಟ.

ಲಕ್ಷ್ಮೇಶ್ವರದಲ್ಲಿ ಸಸಿ ಮಾರುತ್ತಿದ್ದ ಗೆಳೆಯ ಫಕೀರಸಾಬ ನಸುಕಿನಲ್ಲಿ ತೀರಿಕೊಂಡಿದ್ದ. ಗೋರಿಯ ಮೇಲೆ ಊರುವ ಹಸಿ ಟೊಂಗೆ ಅವನೇ ಕೊಟ್ಟ ಬೂರಲ ಮರದ್ದಾಗಲಿ ಎಂದು ಕಲ್ಲಣ್ಣ ಬೆಟಗೇರಿಯಿಂದ ಕಡಿದು ತಂದಿದ್ದ. ಮುಳ್ಳು ಚುಚ್ಚದಂತೆ ಬುಡಕ್ಕೆ ದಿಂಬಿನ ಗಲೀಫು ಸುತ್ತಿದ್ದ. ಕಲ್ಲಣ್ಣ ತಾನೇ ನೇಯ್ದ ಬಟ್ಟೆ, ಆ ಮರದ ಹತ್ತಿ ತುಂಬಲೆಂದು ಹೆಂಡತಿ ಯಮನವ್ವ ಹೊಲಿದ ಚೀಲ. ಅವಳು ತೀರಿಹೋಗಿ ವರ್ಷವಾಗಿತ್ತು.

“ನಿಮ್ಮ ಕಾಕಿ ಬರಾಕಾಗಲಿಲ್ಲ. ಆಕಿ ಗಲೀಫ ಬಂದೈತಿ,” ಎಂದ, ಫಕೀರಸಾಬನ ಮನೆ ತಲುಪಿ, ಅವನ ಮಗ ನವಾಜನಿಗೆ.

* * *

ಹನ್ನೆರಡು ವರ್ಷದ ಹಿಂದೆ ಫಕೀರಸಾಬ ತೋಳುದ್ದದ ಮುಳ್ಳುಕೋಲು ಕೊಟ್ಟಿದ್ದ.

“ಬೂರಲ ಐತಿ. ಮಳಿಗಿಂತ ಮೊದಲ ಊರು, ನೀರ ನಿಂದರಸಬ್ಯಾಡ. ಎಲಿ ಉದುರಿದ್ರ ಸತ್ತೈತಿ ಅಂತ ಅಳಬ್ಯಾಡ. ಇದರ ಹತ್ತಿ ತುಂಬಿದ್ರ ಯಮನವ್ವನ ಕುತ್ತಿಗಿಗೆ ಮೋಡದಂಥಾ ದಿಂಬು!”

ನೂಲು ಮುಟ್ಟಿಯೇ ಅದೆಷ್ಟು ತೆಳುವೆಂದು ನಂಬರು ಹೇಳುತ್ತಿದ್ದ ನೇಕಾರ ಕಲ್ಲಣ್ಣನಿಗೆ ಗಿಡಗಳ ಗುರುತಿರಲಿಲ್ಲ. ನಾಲ್ಕನೆಯ ವರ್ಷ ಬೋಳು ಮರದ ತುಂಬ ಕೆಂಪು ಹೂ. ಫೋನು ಮಾಡಿದ.

“ಹೂವ ಬಂತಲೇ, ಹತ್ತಿ ಎಲ್ಲಿ?”

“ಇದು ಇಂಟರ್‌ವೆಲ್ಲಲೇ ಕಲ್ಲ್ಯಾ! ಕ್ಲೈಮ್ಯಾಕ್ಸ್ ಬಾಕಿ ಐತಿ.”

ಕಾಯಿ ಒಡೆದರೆ ಬರೀ ಬೀಜ. ಪ್ರತಿ ವರ್ಷವೂ ಅದೇ ಡೈಲಾಗು. ಯಮನವ್ವ ಬೇರೆ ದಿಂಬು ಮುಟ್ಟಲಿಲ್ಲ. “ನಮ್ಮ ಗಿಡದ್ದ ಬರಲಿ ತಡಿ,” ಎಂದು ಸೀರೆ ಮಡಚಿ ತಲೆಗಿಟ್ಟುಕೊಳ್ಳುತ್ತಿದ್ದಳು. ಕೊನೆಯ ದಿನವೂ.

* * *

ಫಕೀರಸಾಬನ ಅಂಗಳದಲ್ಲಿ ಕುಳಿತಿದ್ದ ಮುದುಕ ರಹಮಾನಸಾಬ ಟೊಂಗೆ ನೋಡಿ ಕಿಸಕ್ಕನೆ ನಕ್ಕ.

“ಇದ ಏನಪಾ ಫಕೀರ್ಯಾನ ಬೂರಲ? ಚಾದಂಗಡ್ಯಾಗ ಹೇಳಿ ಹೇಳಿ ನಗಸ್ತಿದ್ದ!”

“ನಗಾಕ ಏನೈತ್ರಿ?” ಎಂದ ಕಲ್ಲಣ್ಣ.

ನವಾಜ ತಲೆ ತಗ್ಗಿಸಿ ಟೊಂಗೆಯ ತುದಿಯ ಚಿಗುರು ಹಿಡಿದ.

“ಕಾಕಾ, ಬೂರಲಕ್ಕ ಅಂಗೈ ಬೆರಳಿನಂಗ ಐದೋ ಏಳೋ ಎಲಿ ಇರತಾವ. ಇಲ್ಲೆ ಬರೇ ಮೂರು. ಇದು ಹಾಲವಾಣ. ಹತ್ತಿ ಬಿಡೂದಿಲ್ಲ.”

“ನಿಮ್ಮಪ್ಪಗ ಗೊತ್ತಿತ್ತೇನು?”

“ಮೊದಲನೇ ದಿನದಿಂದ. ಹೇಳತೇನಿ, ಹೇಳತೇನಿ ಅಂತಿದ್ದ. ಕಾಕಿ ಹೋದ ಮ್ಯಾಲ ಹೇಳಾಕ ಬಾಯಿ ಬರಲಿಲ್ಲ.”

“ನಿನಗೂ ಗೊತ್ತಿತ್ತು.”

ನವಾಜ ಚಿಗುರು ಬಿಟ್ಟು ಕೈ ಹಿಂದೆಗೆದ. ಕಲ್ಲಣ್ಣ ಒಂದೊಂದೇ ಎಲೆ ಮುಟ್ಟಿದ. ಒಂದು. ಎರಡು. ಮೂರು. ಮತ್ತೆ ಮೊದಲಿನಿಂದ.

* * *

ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಕಲ್ಲಣ್ಣನೂ ಹಾಕಿದ.

“ಬ್ಯಾಡಂದ್ರ ಬ್ಯಾರೆ ಟೊಂಗಿ ತರತೇನ್ರಿ ಕಾಕಾ,” ಎಂದ ನವಾಜ.

“ಇದ ಇರಲಿ. ಇದು ಊರಿದಲ್ಲೆ ಬೇರ ಬಿಟ್ಟು ಹತ್ತತೈತಿ.”

ಗಲೀಫು ಬಿಚ್ಚಿದ. ಬರಿಗೈಯಲ್ಲೇ ಟೊಂಗೆ ಹಿಡಿದು ಗೋರಿಯ ತಲೆಯ ಕಡೆಗೆ ಊರಿದ. ಅಂಗೈಯಲ್ಲಿ ರಕ್ತ ಜಿನುಗಿತು. ಗಲೀಫಿನ ಬಾಯಿ ಅಗಲಿಸಿ ಎರಡು ಮುಳ್ಳಿಗೆ ಸಿಕ್ಕಿಸಿದ.

“ತಗೋಲೇ ಫಕೀರ್ಯಾ, ನಿನ್ನ ಕ್ಲೈಮ್ಯಾಕ್ಸು.”

ಗಾಳಿ ಬೀಸಿತು. ಗಲೀಫು ಮೂಲೆಮೂಲೆಗೂ ತುಂಬಿಕೊಂಡು, ಈಗಷ್ಟೇ ಹತ್ತಿ ತುರುಕಿದ ದಿಂಬಿನ ಹಾಗೆ ದುಂಡಗೆ ಉಬ್ಬಿತು. ಕಲ್ಲಣ್ಣ ಕೈ ಚಾಚಿ ಒತ್ತಿದ. ಬೆರಳಿಗೆ ಮುಳ್ಳು ತಾಗಿತು.