ವಾಸಿಯಾದ ಭುಜ

ನೋವು ಹೋಗಲೇ ಇಲ್ಲವೋ, ಹೋಗಿ ಮತ್ತೆ ಬಂತೋ? ಅಥವಾ ಇದು ಬೇರೆಯದೇ ನೋವೋ? ಬೇರೆಯದಾದರೆ, ಕೈ ತಲೆಯ ಮಟ್ಟಕ್ಕೆ ಬಂದಾಗ ಬಲಭುಜದೊಳಗೆ ಯಾರೋ ತಿರುಪು ಬಿಗಿದಂತೆ ಅದೇ ಜಾಗದಲ್ಲಿ ಯಾಕೆ ಹಿಡಿಯುತ್ತದೆ? ಗೋಡೆಯ ಬುಡಕ್ಕೆ ಪುಟ್ಟಿ ಎಳೆಯುತ್ತಿದ್ದ ಪೇಂಟರ್‌ಗೆ ತಲೆ ಚಿಟ್ಟು ಹಿಡಿದಿತ್ತು. ಆಪರೇಷನ್ ಆದಮೇಲೆ ಅವನಿಗೆ ಗೋಡೆಯ ಬುಡವೇ ಗತಿ. ಸೀಲಿಂಗ್ ಕೆಲಸ ಬಂದರೆ, "ಸ್ವಲ್ಪ ದಿನ ಜೋಪಾನ ಅಂದಿದ್ದಾರೆ ಡಾಕ್ಟರ್" ಎಂದು ಜಾರಿಕೊಳ್ಳುತ್ತಿದ್ದ. ಡಾಕ್ಟರ್ ಹಾಗೆ ಹೇಳಿಯೇ ಇರಲಿಲ್ಲ.

ಡಾಕ್ಟರ್ ಹೇಳಿದ್ದೇ ಬೇರೆ. "ಇಂಥ ನೋವಿಗೆ ಕೊಯ್ಸಿಕೊಂಡವರಿಗೂ ಕೊಯ್ಸಿಕೊಳ್ಳದವರಿಗೂ ಕೊನೆಗೆ ಅಂಥ ವ್ಯತ್ಯಾಸ ಕಾಣೋದಿಲ್ಲ. ಮೊದಲು ವ್ಯಾಯಾಮ ಮಾಡಿ ನೋಡಿ." ವ್ಯಾಯಾಮದ ಮೇಡಂ ಒಂದು ರಬ್ಬರ್ ಪಟ್ಟಿ ಕೊಟ್ಟು, ಬಾಗಿಲ ಹಿಡಿಗೆ ಕಟ್ಟಿ ಎಳೆಯಿರಿ ಅಂದಿದ್ದಳು. ಅವನು ಮೂಗು ಮುರಿದಿದ್ದ. "ದಿನವಿಡೀ ಸೀಲಿಂಗ್ ಉಜ್ಜೋನಿಗೆ ವ್ಯಾಯಾಮ ಬೇರೆ ಕೇಡು!" ಹಟ ಹಿಡಿದು ಆಪರೇಷನ್ ಮಾಡಿಸಿಕೊಂಡ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಕತ್ತಿಗೆ ಜೋಲಿ ಕಟ್ಟಿ, ಕೈಯನ್ನು ಅದರಲ್ಲಿಟ್ಟುಕೊಂಡು ಮನೆಯಲ್ಲಿ ಕೂತ. ಹೆಂಡತಿ ಅಂಗಿಯ ಗುಂಡಿ ಹಾಕಿದಳು, ತಲೆ ಬಾಚಿದಳು, ತುತ್ತು ಕಲಸಿ ಬಾಯಿಗಿಟ್ಟಳು. ನೋವು ಕರಗಿಹೋಯಿತು. ಪೇಂಟರ್ ಆದವನು ವಾಸಿಯಾದ ಕೈಯನ್ನು ಪರೀಕ್ಷಿಸುವುದು ಇನ್ನು ಹೇಗೆ? ಹೆಂಡತಿಯ ತಮ್ಮನ ಮನೆಗೆ ಹೋಗಿ, ಅವನ ಕೋಣೆಯ ಸೀಲಿಂಗ್ ಪೂರ್ತಿ ಒಬ್ಬನೇ ಉಜ್ಜಿ ಬಳಿದ. ಅದೇ ಕಸುಬಿನ ಭಾಮೈದ ಬಾಯಿ ಬಿಟ್ಟುಕೊಂಡು ನೋಡಿದ. ರೋಲರ್ ತೊಳೆಯುವ ಹೊತ್ತಿಗೆ ತಿರುಪು ಮತ್ತೆ ಬಿಗಿದಿತ್ತು. ಅಷ್ಟರಲ್ಲಿ ಭಾಮೈದ ಊರಿಗೆಲ್ಲ ಡಂಗುರ ಸಾರಿಯಾಗಿತ್ತು.

ಈಗ ಆ ಭಾಮೈದನೇ ಎಡಭುಜ ಹಿಡಿದುಕೊಂಡು ಏಣಿಯಿಂದ ಇಳಿದ.

"ಭಾವ, ನಾಳೆ ಡಾಕ್ಟರಿಗೆ ಹೇಳ್ಬೇಕು. ನಂಗೂ ಅದೇ ರಬ್ಬರ್ ಪಟ್ಟಿ ಪುರಾಣ. ಎಳೀಲಾ, ಕೊಯ್ಸಿಕೊಳ್ಳಲಾ? ನೀವ್ ಹೇಳ್ದಂಗೆ."

"ನಾನೇನು ಡಾಕ್ಟರಾ?"

"ಡಾಕ್ಟರ್ ಭುಜ ಯಾರಿಗೆ ಬೇಕು? ನಿಮ್ಮ ಭುಜ ನೋಡಿದೀನಲ್ಲ."

ಅವರ ಜೊತೆಗೇ ಕೆಲಸಕ್ಕೆ ಬಂದು ಕಿಟಕಿಯ ಗಾಜಿಗೆ ಸಿಡಿದ ಬಣ್ಣ ಕೆರೆಯುತ್ತಿದ್ದ ಹೆಂಡತಿ ತಿರುಗಿದಳು. "ಅದಕ್ಕೂ ಇಷ್ಟು ಯೋಚ್ನೆನಾ? ರೀ, ಕೈ ಎತ್ತಿ ತೋರ್ಸಿ ಅವನಿಗೆ."

"ಇದೇನು ಸರ್ಕಸ್ಸಾ?"

"ಎತ್ರೀ ಅಂದ್ರೆ! ತಿಂಗಳುಗಟ್ಟಲೆ ತುತ್ತು ಇಟ್ಟಿದ್ದು ಸುಮ್ನೇನಾ?"

ಅವನು ಎತ್ತಿದ. ಕೈ ನೆಟ್ಟಗೆ ಮೇಲೆ ಹೋಯಿತು, ಆಪರೇಷನ್ ಆದಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ಎತ್ತಿಸಿ ನೋಡಿದಾಗ ಹೋದಷ್ಟೇ ಸಲೀಸಾಗಿ. ಎಷ್ಟು ಮೇಲೆ ಹೋಯಿತು ಎಂದು ಎಲ್ಲರೂ ನೋಡುತ್ತಾರೆ. ಒಳಗೆ ಏನಾಯಿತು ಎಂದು ನೋಡಲು ಕಣ್ಣು ಸಾಲದು. ಹೆಂಡತಿಯ ಮುಖ ತಾನೇ ಮಾಡಿದ ಕೆಲಸ ನೋಡುವಂತೆ ಅರಳಿತು.

"ನೋಡ್ದಾ? ಹೊಸ ಕೈ ಥರ ಇದೆ."

"ಆಯ್ತಕ್ಕ, ನಾಳೇನೇ ದಿನ ಗೊತ್ತು ಮಾಡ್ಕೊಂಡು ಬರ್ತೀನಿ."

ಪೇಂಟರ್ ಕೈ ಇಳಿಸಿದ. ಹಣೆಯಲ್ಲಿ ಬೆವರು ಮೂಡಿತ್ತು. "ಆ ಪಟ್ಟಿನ ಸ್ವಲ್ಪ ದಿನ..." ಎಂದು ಶುರುಮಾಡಿದ.

"ಏನಂದ್ರಿ ಭಾವ?"

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಹೆಂಡತಿಯ ನಗು ಇನ್ನೂ ಮುಖದ ಮೇಲೇ ಇತ್ತು. ಅವನಿಗೆ ಸಿಟ್ಟು ಉಕ್ಕಿತು. ಡಾಕ್ಟರ ಮೇಲೋ, ಇವರಿಬ್ಬರ ಮೇಲೋ, ಮಾತು ಕೇಳಿ ಸಲೀಸಾಗಿ ಮೇಲೆ ಹೋದ ತನ್ನ ಕೈಯ ಮೇಲೋ ತಿಳಿಯಲಿಲ್ಲ.

"ಏನಿಲ್ಲ. ಕಲಸಿದ ಪುಟ್ಟಿ ಗಟ್ಟಿಯಾಗ್ತಿದೆ, ಹರಟೆ ಸಾಕು. ಏಣಿ ಹತ್ತು."

ಭಾಮೈದ ಆಪರೇಷನ್ ಮಾಡಿಸಿಕೊಂಡ. ತನ್ನ ಭುಜ ಇನ್ನೂ ನೋಯುತ್ತಿದೆ ಎಂದು ಪೇಂಟರ್ ಅವನಿಗೆ ಹೇಳಲೇ ಇಲ್ಲ.